ಎಂಟರ್ ಒತ್ತುವ ಮೊದಲು ಡಿಸ್ಕ್ ಯಾವುದೆಂದು ನೋಡಿಕೊಳ್ಳಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಹಾಗಾಗಿ ತುಳಸಿಗೇರಿ, ಗದ್ದನಕೇರಿ, ಕಲಾದಗಿ ಕಡೆಯ ಝೆರಾಕ್ಸ್ ಅಂಗಡಿಯವರು, ಸ್ಟುಡಿಯೊದವರು, ಶಾಲೆಯ ಮಾಸ್ತರರು ನಿಮ್ಮಂಥ ಕಲಿತ ಮಕ್ಕಳನ್ನು ಕರೆದು "ತಮ್ಮಾ, ಇದಕ್ಕೊಂದು ಲಿನಕ್ಸ್ ಹಾಕಿ ಕೊಡು" ಅನ್ನುತ್ತಾರೆ. ನೀವೂ ಪೆನ್‌ಡ್ರೈವ್ ಜೇಬಿಗಿಳಿಸಿ ಹೊರಡುತ್ತೀರಿ. ಬಹಳ ಒಳ್ಳೆಯ ಕೆಲಸ. ಹೊಸದು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಚೆನ್ನಾಗಿ ನಡೆಯುವ ಯಂತ್ರವನ್ನು ಮೂಲೆಗೆ ಹಾಕುವುದೂ ತರವಲ್ಲ.

ಆದರೆ ನೀವು ಕೂತು ಕೆಲಸ ಮಾಡುವ ರೀತಿ ಇದೆಯಲ್ಲ, ಅದನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕಿವಿಯಲ್ಲಿ ಫೋನು, ಕಣ್ಣು ಯಾವುದೋ ವಿಡಿಯೊದ ಮೇಲೆ, ಕೈ ಕೀಲಿಮಣೆಯ ಮೇಲೆ. ಡಿಸ್ಕ್‌ಗೆ ಪಾರ್ಟಿಷನ್ ಮಾಡುವಾಗ ಹಾಗೆ ಕೂರಬೇಡಿ. ಮೌಸ್ ಹಿಡಿದು ಮಾಡುವವರನ್ನು ಯಂತ್ರ "ಖಾತ್ರಿಯೇ?" ಎಂದು ಕೇಳಿ ಕೇಳಿ ಮುಂದೆ ಬಿಡುತ್ತದೆ. ಕಮಾಂಡ್ ಲೈನ್‌ಗೆ ಆ ಸೌಜನ್ಯ ಇಲ್ಲ. ನೀವು ರೂಟ್ ಆಗಿ ಕೂತಿದ್ದೀರಿ ಎಂದಮೇಲೆ ನಿಮಗೆ ತಿಳಿದೇ ಇದೆ ಎಂದು ಅದು ನಂಬುತ್ತದೆ. ಹೇಳಿದ್ದನ್ನು ಹೇಳಿದ ಹಾಗೆ, ಆ ಕ್ಷಣವೇ ಮಾಡಿಬಿಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೊದಲಿಗೆ ಆ ಯಂತ್ರದೊಳಗೆ ಏನೇನಿದೆ ಎಂದು ಯಜಮಾನರ ಜೊತೆ ಕೂತು ಕೇಳಿ. "ಏನೂ ಇಲ್ಲ, ಎಲ್ಲಾ ಹೊಡೆದು ಹಾಕು" ಎಂದರೆ ನಂಬಬೇಡಿ, ಅವರಿಗೇ ಗೊತ್ತಿರುವುದಿಲ್ಲ. ಸ್ಟುಡಿಯೊದ ಡಿಸ್ಕ್‌ನಲ್ಲಿ ಹನಮಪ್ಪನ ಜಾತ್ರೆಯ ವಿಡಿಯೊ ಇರುತ್ತದೆ, ಊರಿನ ಎಷ್ಟೋ ಮದುವೆಗಳಿರುತ್ತವೆ, ತೀರಿಹೋದ ಯಾರದೋ ಅಜ್ಜಿಯ ಒಂದೇ ಒಂದು ಒಳ್ಳೆಯ ಫೋಟೊ ಇರುತ್ತದೆ. ಇಳಕಲ್‌ನ ಸೀರೆ ಅಂಗಡಿಯ ಯಂತ್ರದಲ್ಲಿ ಟ್ಯಾಲಿ ಲೆಕ್ಕ ಕೂತಿರುತ್ತದೆ. ಟ್ಯಾಲಿ, ಪೇಜ್‌ಮೇಕರ್, ಕೋರೆಲ್‌ಡ್ರಾ ಇಲ್ಲದೆ ಅಂಗಡಿ ನಡೆಯದು ಎನ್ನುವವರಿಗೆ ಅವು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ ಎಂದು ಮೊದಲೇ ಹೇಳಿ. ಅಂಥವರ ವಿಂಡೋಸ್ ಅಳಿಸಲು ಹೋಗಬೇಡಿ, ಪಕ್ಕದಲ್ಲಿ ಜಾಗ ಮಾಡಿ ಲಿನಕ್ಸ್ ಇರಿಸಿ. ನಿಮಗೆ ಇಷ್ಟವಾದದ್ದನ್ನು ಅವರ ಹೊಟ್ಟೆಪಾಡಿನ ಯಂತ್ರದ ಮೇಲೆ ಹೇರುವುದು ಸೇವೆಯಲ್ಲ.

ಡಿಟಿಪಿ ಮಾಡುವವರ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ನಮ್ಮ ಕಡೆಯ ಹಳೆಯ ಲಗ್ನಪತ್ರಿಕೆ, ಪಂಚಾಯಿತಿ ಅರ್ಜಿ, ಸಂಘದ ಠರಾವುಗಳಲ್ಲಿ ಬಹಳಷ್ಟು ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ, ಯೂನಿಕೋಡ್‌ನಲ್ಲಿಲ್ಲ. ಫೈಲ್ ಮಾತ್ರ ಕಾಪಿ ಮಾಡಿಕೊಂಡು ಫಾಂಟ್ ಬಿಟ್ಟರೆ, ಹೊಸ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಆದ್ದರಿಂದ ಫಾಂಟುಗಳ ಫೋಲ್ಡರನ್ನೂ ಎತ್ತಿಟ್ಟುಕೊಳ್ಳಿ. ವಿಂಡೋಸ್ ಇನ್ನೂ ಜೀವಂತವಿರುವಾಗಲೇ ಮುಖ್ಯವಾದವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದುಬಿಡಿ. "ನನಗೆ ನುಡಿ ಕೀಲಿಮಣೆಯೇ ಬೇಕು" ಎಂದು ಅವರು ಅಂಜಿದರೆ ಧೈರ್ಯ ಹೇಳಿ. ಕೆ. ಪಿ. ರಾಯರು ರೂಪಿಸಿದ ಅದೇ ಕಗಪ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಕೀಲಿಮಣೆಯ ಪಟ್ಟಿಯಲ್ಲಿ ಆರಿಸಿಕೊಂಡರೆ ಸಾಕು.

ಈಗ ಬ್ಯಾಕಪ್‌ನ ಮಾತು. ನಿಮ್ಮನ್ನು ಬೈಯಲೇಬೇಕಾದ ಜಾಗ ಇದೇ. "ಎಲ್ಲಾ ಡಿ ಡ್ರೈವ್‌ಗೆ ಹಾಕೀನಿ ಅಕ್ಕಾ, ಏನೂ ಆಗೋದಿಲ್ಲ" ಎನ್ನುತ್ತೀರಲ್ಲ, ಆ ಸಿ ಮತ್ತು ಆ ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಭಾಗಗಳು. ನೀವು ಕೈ ಹಾಕಲು ಹೊರಟಿರುವುದೂ ಅದೇ ಡಿಸ್ಕ್‌ಗೆ. ಅದು ಬ್ಯಾಕಪ್ ಅಲ್ಲ. ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿಯಾದ ಮೇಲೆ ಬೇರೊಂದು ಯಂತ್ರಕ್ಕೆ ಚುಚ್ಚಿ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ, ಒಟ್ಟು ಗಾತ್ರ ತಾಳೆಯಾಗುತ್ತದೆಯೇ ನೋಡಿ. ಆಮೇಲೆ ಅದನ್ನು ಕಿತ್ತು ಕಪಾಟಿನಲ್ಲಿಡಿ. ಕಿತ್ತಿಡಿ ಎಂದು ಒತ್ತಿ ಹೇಳುತ್ತಿದ್ದೇನೆ. ಒಂದು ಸ್ಟುಡಿಯೊದಲ್ಲಿ ಬ್ಯಾಕಪ್ ಡಿಸ್ಕ್ ಯಂತ್ರಕ್ಕೇ ಅಂಟಿಕೊಂಡಿತ್ತು. ಪೆನ್‌ಡ್ರೈವ್ ಎಂದುಕೊಂಡು ಹುಡುಗ ಲಿನಕ್ಸ್‌ನ ಇಮೇಜನ್ನು ಅದರ ಮೇಲೆ ಬರೆದ. ಮುಗಿದ ಮೇಲೆ ಅಲ್ಲಿ ಉಳಿದದ್ದು ಇನ್‌ಸ್ಟಾಲರ್ ಒಂದೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ಇನ್ನು ಡಿಸ್ಕ್ ಗುರುತಿಸುವುದು. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಬರೆದು ಎಂಟರ್ ಒತ್ತಿ. ಇದು ನೋಡುವ ಕಮಾಂಡು, ಯಾರಿಗೂ ಕೇಡಿಲ್ಲ. ಎಸ್‌ಡಿಎ ಮುಂದೆ 465.8 ಜಿ, ಎಸ್‌ಡಿಬಿ ಮುಂದೆ 931.5 ಜಿ, ಎಸ್‌ಡಿಸಿ ಮುಂದೆ ಹದಿನಾಲ್ಕು ಚಿಲ್ಲರೆ ಜಿ ಎಂದು ಬಂತೆಂದುಕೊಳ್ಳಿ. ಡಬ್ಬಿಯ ಮೇಲೆ 500 ಜಿಬಿ, 1 ಟಿಬಿ, 16 ಜಿಬಿ ಎಂದು ಬರೆದಿರುವುದೇ ಇವು. ತಯಾರಿಸಿದವರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದಾರೆ, ಈ ಕಮಾಂಡು 1024ರ ಲೆಕ್ಕದಲ್ಲಿ ಎಣಿಸುತ್ತದೆ. "ಡಿಸ್ಕ್‌ನಲ್ಲಿ ಜಾಗ ಕಳೆದುಹೋಗಿದೆ" ಎಂದು ಗಾಬರಿಯಾಗಿ ಏನೇನೋ ಸರಿಪಡಿಸಲು ಹೋಗಬೇಡಿ.

ಗಾತ್ರ ನೋಡಿದರಷ್ಟೇ ಸಾಲದು. ಒಂದೇ ಗಾತ್ರದ ಎರಡು ಡಿಸ್ಕ್ ಇದ್ದರೆ? ಅದೇ ಕಮಾಂಡಿಗೆ ಮಾಡೆಲ್, ಸೀರಿಯಲ್, ಟ್ರಾನ್ ಎಂಬ ಕಾಲಂಗಳನ್ನೂ ತೋರಿಸು ಎಂದು ಹೇಳಬಹುದು. ಟ್ರಾನ್ ಕಾಲಂನಲ್ಲಿ ಯುಎಸ್‌ಬಿ ಎಂದಿದ್ದರೆ ಅದು ಹೊರಗಿನಿಂದ ಚುಚ್ಚಿದ್ದು, ಸಾಟಾ ಅಥವಾ ಎನ್‌ವಿಎಂಇ ಎಂದಿದ್ದರೆ ಒಳಗಿನದು. ಸೀರಿಯಲ್ ಸಂಖ್ಯೆ ಡಿಸ್ಕ್‌ನ ಮೈಮೇಲಿನ ಚೀಟಿಯಲ್ಲೂ ಇರುತ್ತದೆ. ಕೊನೆಯ ನಾಲ್ಕು ಅಂಕಿ ಹೊಂದಿಸಿ ನೋಡಿ. ಇದನ್ನು ಪ್ರತಿ ಸಲ ಯಂತ್ರ ಶುರುಮಾಡಿದಾಗಲೂ ಮಾಡಬೇಕು, ಏಕೆಂದರೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಡಿಸ್ಕ್‌ಗೆ ಅಂಟಿದವಲ್ಲ. ಕರ್ನಲ್ ಯಾವುದನ್ನು ಮೊದಲು ಕಂಡಿತೋ ಅದಕ್ಕೆ ಎಸ್‌ಡಿಎ ಎಂದು ಕರೆಯುತ್ತದೆ. ನಿನ್ನೆ ಎಸ್‌ಡಿಬಿ ಆಗಿದ್ದದ್ದು ಇವತ್ತು ಎಸ್‌ಡಿಎ ಆಗಬಹುದು. ವಿಡಿಯೊದಲ್ಲಿ ಯಾರೋ ಎಸ್‌ಡಿಎ ಎಂದರೆಂದು ನೀವೂ ಎಸ್‌ಡಿಎ ಎಂದು ಬರೆಯುವುದು ಶುದ್ಧ ಅಜಾಗರೂಕತೆ. ಎಲ್ಲಕ್ಕಿಂತ ನೆಮ್ಮದಿಯ ದಾರಿ ಹೇಳಲೇ? ಕರೆಂಟ್ ತೆಗೆದು, ಈ ಕೆಲಸಕ್ಕೆ ಬೇಡವಾದ ಡಿಸ್ಕ್‌ನ ಕೇಬಲ್ಲನ್ನೇ ಬಿಚ್ಚಿಬಿಡಿ.

ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಡಿಡಿ ಎಂಬ ಕಮಾಂಡಿಗೆ. ಐಎಫ್ ಎಂದರೆ ಎಲ್ಲಿಂದ ಓದಬೇಕು, ಓಎಫ್ ಎಂದರೆ ಎಲ್ಲಿಗೆ ಬರೆಯಬೇಕು. ಈ ಎರಡನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕ್‌ನ ಮೇಲೆ ಹೋಗಿ ಕೂರುತ್ತದೆ. ಸಾಲು ಬರೆದ ಮೇಲೆ ಕೈಯನ್ನು ಕೀಲಿಮಣೆಯಿಂದ ತೆಗೆಯಿರಿ. ಪರದೆಯ ಮೇಲೆ ಬೆರಳಿಟ್ಟು "ಇಲ್ಲಿಂದ, ಇಲ್ಲಿಗೆ" ಎಂದು ಬಾಯಿಬಿಟ್ಟು ಓದಿ. ಪಕ್ಕದವರು ನಕ್ಕರೆ ನಗಲಿ. ಆಮೇಲೆ ಎಂಟರ್.

ಇಷ್ಟಾದ ಮೇಲೆ ಪಾರ್ಟಿಷನ್ ಟೇಬಲ್ಲಿಗೆ ಬರೋಣ. ಬಹಳ ಮಂದಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮನೆಯ ಹೊಲಕ್ಕೆ ಒಂದು ಉತಾರ ಇದೆಯಲ್ಲ? ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರ ಹಿಸ್ಸೆ ಎಂದು ಅದರಲ್ಲಿ ಬರೆದಿರುತ್ತದೆ. ಡಿಸ್ಕ್‌ನ ಪಾರ್ಟಿಷನ್ ಟೇಬಲ್ ಆ ಉತಾರ. ಎಲ್ಲಿಂದ ಎಲ್ಲಿಯವರೆಗೆ ಯಾವ ಪಾರ್ಟಿಷನ್ ಎಂಬ ದಾಖಲೆ ಅಷ್ಟೇ ಅದು. ಉತಾರದಲ್ಲಿ ತಪ್ಪು ಬಿದ್ದರೆ ಹೊಲದ ಜೋಳ ಒಣಗುವುದಿಲ್ಲ, ಯಾವುದು ಯಾರದೆಂದು ತಿಳಿಯದೆ ಹೋಗುತ್ತದೆ. ಎಫ್‌ಡಿಸ್ಕ್ ಎಂಬ ಕಮಾಂಡು ಬದಲಿಸುವುದು ಉತಾರವನ್ನು. ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್‌ನದು ನೇಗಿಲು ಹೂಡುವ ಕೆಲಸ, ಬೆಳೆ ನಿಂತಿದ್ದರೂ ಅದು ನೋಡುವುದಿಲ್ಲ. ಯಂತ್ರ ಶುರುವಾಗುವಾಗ ಮೊದಲು ಓದುವ ಬೂಟ್ ಬ್ಲಾಕ್ ಈ ಎರಡೂ ಅಲ್ಲ, ಅದು ಬೇರೆಯೇ. ದಾಖಲೆ ಒಂದು, ಒಳಗಿನ ದತ್ತಾಂಶ ಒಂದು, ಶುರುಮಾಡುವ ತುಣುಕು ಇನ್ನೊಂದು. ಈಗ ನಾನು ಮುಟ್ಟುತ್ತಿರುವುದು ಈ ಮೂರರಲ್ಲಿ ಯಾವುದನ್ನು ಎಂದು ಪ್ರತಿ ಸಾಲಿಗೂ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಕೈ ತಡೆಯಿರಿ.

ದಾಖಲೆಯಲ್ಲಿ ಎರಡು ಬಗೆ ಇದೆ. ಹಳೆಯದು ಎಂಬಿಆರ್, 1983ರ ಕಾಲದ್ದು. ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರಿನ 512 ಬೈಟುಗಳಲ್ಲಿ ಅದರ ಸಂಸಾರ ಮುಗಿಯುತ್ತದೆ. ಮೊದಲ 446 ಬೈಟು ಬೂಟ್ ಮಾಡುವ ಕೋಡಿಗೆ, ನಂತರದ 64 ಬೈಟು ನಾಲ್ಕು ಪಾರ್ಟಿಷನ್‌ಗಳ ಲೆಕ್ಕಕ್ಕೆ, ಕೊನೆಯ ಎರಡು ಬೈಟು ಗುರುತಿನ ಸಹಿಗೆ. ಹೆಕ್ಸ್‌ನಲ್ಲಿ ತೆರೆದು ನೋಡಿದರೆ ಆ ಸಹಿ 55 ಎಎ ಎಂದು ಕಾಣುತ್ತದೆ. ಅದು ಇಲ್ಲದಿದ್ದರೆ ಹಳೆಯ ಬಯೋಸ್ ಸಾಮಾನ್ಯವಾಗಿ ಆ ಡಿಸ್ಕ್‌ನಿಂದ ಶುರುವಾಗುವುದಿಲ್ಲ. ನಾಲ್ಕೇ ಮುಖ್ಯ ಪಾರ್ಟಿಷನ್, ಸಾಮಾನ್ಯ ಡಿಸ್ಕ್‌ನಲ್ಲಿ 2 ಟಿಬಿ ದಾಟಿದರೆ ಲೆಕ್ಕ ಹಿಡಿಯುವುದಿಲ್ಲ. ಹೊಸದು ಜಿಪಿಟಿ. ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗವಿದೆ, ಜೊತೆಗೆ ದಾಖಲೆಯ ಇನ್ನೊಂದು ಪ್ರತಿಯನ್ನು ಡಿಸ್ಕ್‌ನ ಕೊನೆಯಲ್ಲಿ ತಾನೇ ಇಟ್ಟುಕೊಂಡಿರುತ್ತದೆ. ಹೊಸದಾಗಿ ಮಾಡುವಾಗ ಜಿಪಿಟಿಯನ್ನೇ ಆರಿಸಿ. ವಿಂಡೋಸ್ ಇರುವ ಡಿಸ್ಕ್ ಎಂಬಿಆರ್‌ನಲ್ಲೇ ಇದ್ದರೆ ಸುಮ್ಮನೆ ಅದನ್ನು ಜಿಪಿಟಿಗೆ ತಿರುಗಿಸಲು ಹೋಗಬೇಡಿ, ನಡೆಯುತ್ತಿರುವುದು ನಡೆಯಲಿ.

ಏನನ್ನೂ ಬದಲಿಸುವ ಮುಂಚೆ ಇದ್ದ ದಾಖಲೆಯ ಪ್ರತಿ ತೆಗೆದಿಡಿ. ಎಸ್‌ಎಫ್‌ಡಿಸ್ಕ್‌ಗೆ ಡಂಪ್ ಮಾಡು ಎಂದು ಹೇಳಿದರೆ ಇಡೀ ಟೇಬಲ್ಲನ್ನು ಸಾದಾ ಅಕ್ಷರಗಳಲ್ಲಿ, ಯಾವುದು ಎಲ್ಲಿ ಶುರು, ಎಷ್ಟು ಗಾತ್ರ ಎಂದು ಬರೆದು ಕೊಡುತ್ತದೆ. ಪುಟ್ಟ ಫೈಲ್ ಅದು. ಪೆನ್‌ಡ್ರೈವ್‌ನಲ್ಲಿಡಿ, ಪರದೆಯ ಫೋಟೊವನ್ನೂ ಫೋನಿನಲ್ಲಿ ಹೊಡೆದುಕೊಳ್ಳಿ. ನಾಳೆ ತಪ್ಪಾದರೆ ಅದೇ ಫೈಲನ್ನು ಅದೇ ಕಮಾಂಡಿಗೆ ಮರಳಿ ಉಣಿಸಿದರೆ ದಾಖಲೆ ಮೊದಲಿನಂತಾಗುತ್ತದೆ. ಆದರೆ ಆ ಫೈಲನ್ನು ನೀವು ಅಳಿಸಲಿರುವ ಡಿಸ್ಕ್‌ನಲ್ಲೇ ಉಳಿಸಿಟ್ಟು ಬರಬೇಡಿ. ನಗಬೇಡಿ, ಹಾಗೆ ಮಾಡುವವರಿದ್ದಾರೆ.

ಎಫ್‌ಡಿಸ್ಕ್ ಒಳಗೆ ಹೋದಾಗ ಧೈರ್ಯವಾಗಿರಿ, ಅದು ಒಳ್ಳೆಯ ಕಮಾಂಡು. ಡಬ್ಲ್ಯೂ ಒತ್ತುವವರೆಗೆ ನೀವು ಮಾಡಿದ್ದೆಲ್ಲ ನೆನಪಿನಲ್ಲೇ ಇರುತ್ತದೆ, ಡಿಸ್ಕ್‌ಗೆ ಇಳಿಯುವುದಿಲ್ಲ. ಪಿ ಒತ್ತಿ ಮತ್ತೆ ಮತ್ತೆ ನೋಡಿ. ಮನಸ್ಸಿಗೆ ಬಾರದಿದ್ದರೆ ಕ್ಯೂ ಒತ್ತಿ ಹೊರಗೆ ಬನ್ನಿ, ಏನೂ ಆಗಿರುವುದಿಲ್ಲ. ಪಾರ್ಟೆಡ್ ಎಂಬ ಇನ್ನೊಂದು ಕಮಾಂಡು ಹಾಗಲ್ಲ. ಅದರಲ್ಲಿ ಬರೆದ ಪ್ರತಿ ಸಾಲೂ ಆಗಿಂದಾಗಲೇ ಡಿಸ್ಕ್‌ಗೆ ಇಳಿಯುತ್ತದೆ. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಕೂಡ ಅದೇ ಸ್ವಭಾವದ್ದು, ಅಲ್ಲಿ ಕ್ಲೀನ್ ಎಂಬ ಒಂದು ಪದ ಆರಿಸಿದ ಡಿಸ್ಕ್‌ನ ದಾಖಲೆಯನ್ನು ಮರುಮಾತಿಲ್ಲದೆ ಒರೆಸಿಹಾಕುತ್ತದೆ. ಹೊಸಬರು ಎಫ್‌ಡಿಸ್ಕ್‌ನಿಂದಲೇ ಶುರುಮಾಡಿ ಎಂಬುದು ನನ್ನ ಸಲಹೆ.

ಅಕಸ್ಮಾತ್ ತಪ್ಪು ಡಿಸ್ಕ್‌ಗೆ ಡಬ್ಲ್ಯೂ ಒತ್ತಿದಿರಿ ಎಂದಿಟ್ಟುಕೊಳ್ಳಿ. ಆಗ ಮಾಡಬೇಕಾದ ಮೊದಲ ಕೆಲಸ ಏನನ್ನೂ ಮಾಡದಿರುವುದು. ರೀಸ್ಟಾರ್ಟ್ ಮಾಡಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಆ ಡಿಸ್ಕ್‌ನ ಪಾರ್ಟಿಷನ್ ಬಳಕೆಯಲ್ಲಿದ್ದರೆ ಕರ್ನಲ್‌ನ ನೆನಪಿನಲ್ಲಿ ಹಳೆಯ ಲೆಕ್ಕ ಇನ್ನೂ ಇರುತ್ತದೆ. ಸಿಸ್ ಎಂಬ ಡೈರೆಕ್ಟರಿಯ ಬ್ಲಾಕ್ ವಿಭಾಗದಲ್ಲಿ ಪ್ರತಿ ಪಾರ್ಟಿಷನ್‌ನ ಆರಂಭ ಮತ್ತು ಗಾತ್ರವನ್ನು ಓದಿ ಕಾಗದದ ಮೇಲೆ ಬರೆದುಕೊಳ್ಳಬಹುದು. ಅದೂ ಇಲ್ಲವಾದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವಿದೆ. ಡಿಸ್ಕ್ ಉದ್ದಕ್ಕೂ ಹುಡುಕಿ ಹಳೆಯ ಪಾರ್ಟಿಷನ್ ಎಲ್ಲಿತ್ತೆಂದು ಕಂಡುಹಿಡಿಯಲು ಅದು ಪ್ರಯತ್ನಿಸುತ್ತದೆ. ಇದೆಲ್ಲ ಸಾಧ್ಯವಾಗುವುದು ಮೇಲೆ ಹೊಸದೇನೂ ಬರೆಯದಿದ್ದಾಗ ಮಾತ್ರ. ಎಸ್‌ಎಸ್‌ಡಿಯಲ್ಲಂತೂ ಈ ಆಸೆಯೂ ಕಡಿಮೆ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗಲೇ ಹಳೆಯ ಜಾಗವನ್ನೆಲ್ಲ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸುವುದು ಎಂಕೆಎಫ್‌ಎಸ್‌ನ ರೂಢಿ. ಹಾಗೆ ತಿಳಿಸಿದ ಮೇಲೆ ಮರಳಿ ಸಿಗುವುದು ಬಲು ಅಪರೂಪ.

ಎಷ್ಟೆಷ್ಟು ಜಾಗ ಕೊಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. 500 ಜಿಬಿಯ ಡಿಸ್ಕ್ ಇಡಿಯಾಗಿ ಲಿನಕ್ಸ್‌ಗೇ ಆದರೆ ಬೂಟಿಗೆ 512 ಎಂಬಿಯ ಇಎಫ್‌ಐ ಪಾರ್ಟಿಷನ್, ರೂಟಿಗೆ 50 ಜಿಬಿ, ಸ್ವಾಪ್‌ಗೆ 4 ಜಿಬಿ, ಉಳಿದದ್ದೆಲ್ಲ ಹೋಮ್‌ಗೆ. ಹೋಮನ್ನು ಬೇರೆ ಇಡಿ ಎಂದು ಏಕೆ ಹೇಳುತ್ತೇನೆಂದರೆ, ನಾಲ್ಕು ವರ್ಷದ ನಂತರ ಹೊಸ ಲಿನಕ್ಸ್ ಹಾಕುವಾಗ ರೂಟನ್ನಷ್ಟೇ ಅಳಿಸಿದರೆ ಸಾಕು, ಅವರ ಫೋಟೊಗಳು ಇದ್ದಲ್ಲೇ ಇರುತ್ತವೆ. ಮೊದಲ ಪಾರ್ಟಿಷನ್ 2048ನೇ ಸೆಕ್ಟರಿನಿಂದ ಶುರು ಎಂದು ಎಫ್‌ಡಿಸ್ಕ್ ತಾನೇ ಸೂಚಿಸುತ್ತದೆ. "ಮುಂದೆ ಇಷ್ಟು ಜಾಗ ಏಕೆ ವ್ಯರ್ಥ" ಎಂದು 63ಕ್ಕೆ ಇಳಿಸುವ ಜಾಣತನ ಬೇಡ. ಅದು ಬರೀ 1 ಎಂಬಿ. ಈಗಿನ ಡಿಸ್ಕ್‌ಗಳು ಒಳಗೊಳಗೆ 4096 ಬೈಟಿನ ಗುಂಪಿನಲ್ಲಿ ಬರೆಯುತ್ತವೆ, ಗಡಿ ಅದಕ್ಕೆ ಹೊಂದದಿದ್ದರೆ ಪ್ರತಿ ಬರಹಕ್ಕೂ ಎರಡು ಪಟ್ಟು ದುಡಿಯಬೇಕಾಗುತ್ತದೆ.

ವಿಂಡೋಸ್ ಪಕ್ಕದಲ್ಲಿ ಜಾಗ ಮಾಡುವುದಾದರೆ ವಿಂಡೋಸ್‌ನಿಂದಲೇ ಅದರ ಪಾರ್ಟಿಷನ್ ಕುಗ್ಗಿಸಿ. ಅದಕ್ಕೂ ಮೊದಲು ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ, ಇಲ್ಲವಾದರೆ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತದೆ, ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಅದರ ಪಾರ್ಟಿಷನ್‌ಗೆ ಬರೆದರೆ ಫೈಲುಗಳು ಕೆಡುತ್ತವೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ಎಂದೂ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಯಜಮಾನರ ಕೈಯಲ್ಲಿ ಕಾಗದದ ಮೇಲೆ ಬರುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಲಿನಕ್ಸ್‌ನ ಇಎಕ್ಸ್‌ಟಿ4 ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್, ಆಮೇಲೆ ಪಾರ್ಟಿಷನ್. ಹಿಗ್ಗಿಸುವಾಗ ಮೊದಲು ಪಾರ್ಟಿಷನ್, ಆಮೇಲೆ ಫೈಲ್ ಸಿಸ್ಟಮ್. ಇದು ತಿರುಗಾಮುರುಗಾ ಆದರೆ ಫೈಲ್ ಸಿಸ್ಟಮ್‌ನ ಬಾಲ ಕತ್ತರಿಸಿದಂತೆಯೇ.

ಬೂಟ್ ಬ್ಲಾಕಿನ ವಿಷಯಕ್ಕೆ ಬನ್ನಿ. ಮೊದಲು ಆ ಯಂತ್ರ ಯಾವ ರೀತಿ ಶುರುವಾಗುತ್ತದೆ, ಹಳೆಯ ಬಯೋಸೋ ಯುಇಎಫ್‌ಐಯೋ, ತಿಳಿದುಕೊಳ್ಳಿ. ಲೈವ್ ಪೆನ್‌ಡ್ರೈವ್‌ನಿಂದ ಬಂದ ಮೇಲೆ ಸಿಸ್ ಡೈರೆಕ್ಟರಿಯ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐಯಲ್ಲಿದ್ದೀರಿ. ವಿಂಡೋಸ್ ಯಾವ ರೀತಿಯಲ್ಲಿ ಶುರುವಾಗುತ್ತದೋ ಪೆನ್‌ಡ್ರೈವ್ ಕೂಡ ಅದೇ ರೀತಿಯಲ್ಲಿ ಶುರುವಾಗಿರಬೇಕು. ಒಂದು ಹಾಗೆ ಒಂದು ಹೀಗೆ ಆದರೆ ಎರಡೂ ಒಂದೇ ಮೆನುವಿಗೆ ಬರದೆ ದಿನವಿಡೀ ಒದ್ದಾಡುತ್ತೀರಿ.

ಲಿನಕ್ಸನ್ನು ಶುರುಮಾಡುವ ತುಣುಕಿನ ಹೆಸರು ಗ್ರಬ್. ಹಳೆಯ ಬಯೋಸ್ ಯಂತ್ರದಲ್ಲಿ ಅದನ್ನು ಕೂರಿಸುವ ಗ್ರಬ್-ಇನ್‌ಸ್ಟಾಲ್‌ಗೆ ಡಿಸ್ಕ್‌ನ ಹೆಸರು ಕೊಡಬೇಕು, ಪಾರ್ಟಿಷನ್‌ನದಲ್ಲ. ಎಸ್‌ಡಿಎ ಎಂದು ಬರೆಯಿರಿ, ಎಸ್‌ಡಿಎ1 ಎಂದು ಬರೆಯಬೇಡಿ. ಗ್ರಬ್ ತನ್ನ ಮೊದಲ ತುಣುಕನ್ನು ಆ 446 ಬೈಟುಗಳಲ್ಲಿಟ್ಟು, ದೊಡ್ಡ ತುಣುಕನ್ನು ಮೊದಲ ಪಾರ್ಟಿಷನ್‌ಗೆ ಮುಂಚಿನ ಖಾಲಿ ಜಾಗದಲ್ಲಿಡುತ್ತದೆ. 2048ನ್ನು ಮುಟ್ಟಬೇಡಿ ಎಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ. ಬಯೋಸ್ ಯಂತ್ರದಲ್ಲಿ ಜಿಪಿಟಿ ಹಾಕಿದ್ದರೆ ಗ್ರಬ್‌ಗಾಗಿ 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್ ಮಾಡಿಕೊಡಬೇಕು. ಅದನ್ನು ಫಾರ್ಮ್ಯಾಟ್ ಮಾಡುವುದೂ ಬೇಡ, ಮೌಂಟ್ ಮಾಡುವುದೂ ಬೇಡ.

ಬೂಟ್ ಬ್ಲಾಕಿನ ಪ್ರತಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಡಿಡಿಯಿಂದ ಮೊದಲ ಸೆಕ್ಟರನ್ನು ಫೈಲಿಗೆ ಇಳಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಮರಳಿ ಬರೆಯುವಾಗ ಮಾತ್ರ 512 ಬೈಟನ್ನೂ ಸುರಿಯಬೇಡಿ. ಅದರೊಳಗೆ ಹಳೆಯ ಪಾರ್ಟಿಷನ್ ಟೇಬಲ್ ಕೂಡ ಕೂತಿದೆ, ನಡುವೆ ನೀವು ಗಡಿ ಬದಲಿಸಿದ್ದರೆ ಇವತ್ತಿನ ಲೆಕ್ಕದ ಮೇಲೆ ಹಳೆಯ ಲೆಕ್ಕ ಬಂದು ಬೀಳುತ್ತದೆ. ಬೂಟ್ ಕೋಡ್ ಅಷ್ಟೇ ಬೇಕಾದರೆ 446ಕ್ಕೆ ನಿಲ್ಲಿಸಿ.

ಯುಇಎಫ್‌ಐ ಯಂತ್ರದಲ್ಲಿ ಬೂಟ್ ಮಾಡುವ ಫೈಲುಗಳು ಇಎಫ್‌ಐ ಪಾರ್ಟಿಷನ್‌ನಲ್ಲಿರುತ್ತವೆ. ಎಫ್‌ಎಟಿ32 ಮಾದರಿಯ ಸಣ್ಣ ಪಾರ್ಟಿಷನ್ ಅದು. ವಿಂಡೋಸ್ ಇರುವ ಯಂತ್ರದಲ್ಲಿ ಅದು ಮೊದಲೇ ಇರುತ್ತದೆ, ವಿಂಡೋಸ್‌ನ ಬೂಟ್ ಫೈಲುಗಳೂ ಅದರಲ್ಲೇ ಇರುತ್ತವೆ. ಲಿನಕ್ಸ್ ಕೂಡ ಅದೇ ಪಾರ್ಟಿಷನ್ ಹಂಚಿಕೊಂಡು ಬಾಳುತ್ತದೆ. ಮೌಂಟ್ ಮಾಡಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಎಷ್ಟು ಜನ ಮಕ್ಕಳು ಇಲ್ಲಿ ಆ ಫಾರ್ಮ್ಯಾಟ್ ಗುರುತು ಹಾಕಿ ಅಂಗಡಿಯವರ ವಿಂಡೋಸ್ ಮಲಗಿಸಿದ್ದೀರಿ!

ಯಂತ್ರ ಶುರುವಾಗಲಿಲ್ಲ ಎಂದ ಕೂಡಲೇ ಎಲ್ಲ ಅಳಿಸಿ ಹೊಸದಾಗಿ ಹಾಕಲು ಕೂರುತ್ತೀರಿ, ಅದೊಂದು ಕೆಟ್ಟ ಚಾಳಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಕಪ್ಪು ಪರದೆ ಬಂದರೆ ಕೆಟ್ಟಿರುವುದು ಬಹುಪಾಲು ಆ ಶುರುಮಾಡುವ ತುಣುಕು, ಅವರ ಫೈಲುಗಳು ಒಳಗೆ ಸುಖವಾಗಿರುತ್ತವೆ. ಮೊದಲು ಬೂಟ್ ಆರ್ಡರ್ ನೋಡಿ, ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ಅದು ಸರಿಯಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬಂದು ರೂಟನ್ನೂ ಇಎಫ್‌ಐ ಪಾರ್ಟಿಷನ್ನನ್ನೂ ಅವುಗಳ ಜಾಗದಲ್ಲಿ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ, ಸಿಎಚ್‌ರೂಟ್‌ನಿಂದ ಒಳಹೊಕ್ಕು ಗ್ರಬ್ ಮತ್ತೆ ಕೂರಿಸಿ. ವಿಂಡೋಸ್ ಕಡೆಯದು ಕೆಟ್ಟಿದ್ದರೆ ಅದರ ರಿಕವರಿ ಪರದೆಯಲ್ಲಿ ಬೂಟ್‌ರೆಕ್, ಬಿಸಿಡಿಬೂಟ್ ಇವೆ. ಲಿನಕ್ಸ್ ಹಾಕಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಹೆಸರೇ ಕಾಣದಿದ್ದರೂ ಬೆದರಬೇಡಿ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಮೊದಲಿಗೇ ಆರಿರುತ್ತದೆ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಹಚ್ಚಿ ಅಪ್‌ಡೇಟ್-ಗ್ರಬ್ ಕೊಟ್ಟರೆ ಸಾಮಾನ್ಯವಾಗಿ ಹೆಸರು ಬರುತ್ತದೆ.

ಶುರುವಾಗುವಾಗ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಬದಲಾಗಬಹುದಾದ ಎಸ್‌ಡಿಎ ಎಂಬ ಹೆಸರು ಬರೆಯದೆ ಪಾರ್ಟಿಷನ್‌ಗೇ ಅಂಟಿದ ಯುಯುಐಡಿ ಬರೆಯಿರಿ, ಹೊರಗಿನ ಡಿಸ್ಕ್ ಇಲ್ಲದಾಗಲೂ ಯಂತ್ರ ಶುರುವಾಗಲೆಂದು ಅದಕ್ಕೆ ನೋಫೇಲ್ ಸೇರಿಸಿ, ರೀಸ್ಟಾರ್ಟ್‌ಗೆ ಮುಂಚೆ ಫೈಂಡ್‌ಮೌಂಟ್‌ನಿಂದ ಪರೀಕ್ಷಿಸಿ. ಇಷ್ಟು ಸಾಕು.

ಕರೆಂಟಿನ ವಿಷಯ ನಿಮಗೆ ನಾನು ಹೇಳಬೇಕೇ? ಪಾರ್ಟಿಷನ್ ಕುಗ್ಗಿಸುವ ನಡುವೆ ಕರೆಂಟ್ ಹೋದರೆ ಫೈಲ್ ಸಿಸ್ಟಮ್ ಅತ್ತ ಹಳೆಯದೂ ಅಲ್ಲ, ಇತ್ತ ಹೊಸದೂ ಅಲ್ಲದ ಸ್ಥಿತಿಗೆ ಬೀಳುತ್ತದೆ. ಯುಪಿಎಸ್ ಇಲ್ಲದ ಕಡೆ ಆ ಕೆಲಸಕ್ಕೆ ಕೂರಬೇಡಿ, ಯಂತ್ರವನ್ನೇ ಯುಪಿಎಸ್ ಇರುವಲ್ಲಿಗೆ ತನ್ನಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿದ್ದರೂ ಚಾರ್ಜರ್ ಚುಚ್ಚಿಯೇ ಇರಲಿ. ಜಾತ್ರೆಯ ಹಿಂದಿನ ಸಂಜೆ, ನಾಳೆಯೇ ಲಗ್ನಪತ್ರಿಕೆ ಕೊಡಬೇಕಾದ ರಾತ್ರಿ, ಪರೀಕ್ಷೆಯ ಹಿಂದಿನ ದಿನ ಶಾಲೆಯ ಲ್ಯಾಬಿನಲ್ಲಿ ಈ ಕೆಲಸ ಹಿಡಿಯಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ.

"ಹಾಗಾದರೆ ಕಲಿಯುವುದು ಎಲ್ಲಿ?" ಎಂದು ಕೇಳುತ್ತೀರಿ. ಕಲಿಯುವುದಕ್ಕೆ ಯಾರ ಡಿಸ್ಕೂ ಬೇಕಿಲ್ಲ. ಟ್ರಂಕೇಟ್ ಕಮಾಂಡಿನಿಂದ 2 ಜಿಬಿಯ ಒಂದು ಖಾಲಿ ಫೈಲ್ ಮಾಡಿ. ಆ ಫೈಲಿನ ಮೇಲೆಯೇ ಎಫ್‌ಡಿಸ್ಕ್ ನಡೆಸಿ, ಅದು ಡಿಸ್ಕ್ ಎಂದೇ ನಂಬುತ್ತದೆ. ಲೂಪ್ ಸಾಧನವಾಗಿ ಜೋಡಿಸಿಕೊಂಡರೆ ಪಾರ್ಟಿಷನ್‌ಗಳು ಒಂದೊಂದಾಗಿ ಕಾಣಿಸುತ್ತವೆ. ಫಾರ್ಮ್ಯಾಟ್ ಮಾಡಿ, ನಾಲ್ಕು ಫೈಲ್ ಹಾಕಿ, ಬೇಕೆಂದೇ ಟೇಬಲ್ ಅಳಿಸಿ, ಡಂಪ್ ಫೈಲಿನಿಂದ ಮರಳಿ ತನ್ನಿ. ಇನ್ನೊಮ್ಮೆ ಅಳಿಸಿ, ಈ ಸಲ ಟೆಸ್ಟ್‌ಡಿಸ್ಕ್‌ನಿಂದ ತನ್ನಿ. ಬೂಟ್ ಕಲಿಯಬೇಕಾದರೆ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಯಂತ್ರ ಮಾಡಿ, ಅದರ ಮೊದಲ 446 ಬೈಟು ಸೊನ್ನೆ ಮಾಡಿ, ಮತ್ತೆ ಎಬ್ಬಿಸಿ. 1963ರಲ್ಲಿ ಶುರುವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲೇ ಇದೆ. ಅಲ್ಲಿ ಓದುವ ಮಕ್ಕಳು ನಿಮ್ಮೂರಲ್ಲಿದ್ದರೆ ಭಾನುವಾರ ಕೂಡಿ ಕೂತು ಇದನ್ನು ಮಾಡಿ ನೋಡಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಕೈಯಾರೆ ಕೆಡಿಸಿ ಕೈಯಾರೆ ಎತ್ತಿ ನಿಲ್ಲಿಸಿದವರಿಗೆ ನಿಜವಾದ ಡಿಸ್ಕ್ ಮುಂದೆ ಕೂತಾಗ ಕೈ ನಡುಗುವುದಿಲ್ಲ.

ಕೆಲಸ ಮುಗಿದ ಮೇಲೆ ಹಾಗೇ ಎದ್ದು ಬರಬೇಡಿ. ಒಂದು ಚೀಟಿಯಲ್ಲಿ ತಾರೀಖು, ಡಿಸ್ಕ್‌ನ ಸೀರಿಯಲ್ ಸಂಖ್ಯೆ, ಬಯೋಸೋ ಯುಇಎಫ್‌ಐಯೋ, ಯಾವ ಪಾರ್ಟಿಷನ್ ಏತಕ್ಕೆ ಎಂದು ಬರೆದು ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸಿ. ಮುಂದೆ ಅದನ್ನು ತೆರೆಯುವವರು ನೀವೇ ಆಗಬೇಕೆಂದಿಲ್ಲ. ಹಳೆಯ ಡಿಸ್ಕ್ ಬದಲಿಸಿ ಹೊಸ ಎಸ್‌ಎಸ್‌ಡಿ ಹಾಕಿದ್ದರೆ, ಹಳೆಯದನ್ನು "ಖಾಲಿ ಇದೆಯಲ್ಲ" ಎಂದು ನಿಮ್ಮ ಚೀಲಕ್ಕೆ ಇಳಿಸಿಕೊಳ್ಳಬೇಡಿ, ಗುಜರಿಗೂ ಕೊಡಬೇಡಿ. ಅದರಲ್ಲಿರುವುದು ಊರಿನ ಹೆಣ್ಣುಮಕ್ಕಳ ಫೋಟೊ, ಜನರ ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್ ಪುಟ. ಕವರಿಗೆ ಹಾಕಿ, ಮೇಲೆ ಹೆಸರು ತಾರೀಖು ಬರೆದು ಯಜಮಾನರ ಕೈಗೇ ಕೊಡಿ. ಎರಡು ತಿಂಗಳು ಮುಟ್ಟದೆ ಇಟ್ಟುಕೊಳ್ಳಲಿ, "ಆ ಫೈಲ್ ಎಲ್ಲಿ ಹೋಯಿತು" ಎಂಬ ಫೋನು ಬರುವುದು ಆ ಎರಡು ತಿಂಗಳಲ್ಲೇ. ಆಮೇಲೆ ಬೇಡವೆಂದರೆ ಅವರೆದುರಿಗೇ, ಸೀರಿಯಲ್ ಸಂಖ್ಯೆ ಇನ್ನೊಮ್ಮೆ ಓದಿ ಹೇಳಿ, ಶ್ರೆಡ್ ಕೊಟ್ಟು ಪೂರ್ತಿ ಅಳಿಸಿ. 1 ಟಿಬಿಯ ಹಳೆಯ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಅವರ ಮನೆಯಲ್ಲಿ ಊಟ ಮುಗಿಸಿಕೊಂಡೇ ಬನ್ನಿ.